ಛತ್ರದಿಂದ ಮನೆಗೆ: ಹಾಸನ ಸೀಮೆಯಲ್ಲಿ ನೆಲೆಯಿಲ್ಲದವರ ಆಶ್ರಯದ ಚರಿತ್ರೆ

ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರಿಯದವನ ಸಾಮತಿಯನ್ನು ಬೋಧಿಸುವಾಗ ನಾವು ಯಾಜಕನನ್ನೂ ಲೇವಿಯನನ್ನೂ ಖಂಡಿಸಿ, ಸಮಾರಿಯದವನನ್ನು ಕೊಂಡಾಡಿ ಮಾತು ಮುಗಿಸುತ್ತೇವೆ. ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಅವನು ಛತ್ರದ ಯಜಮಾನ. ಅವನು ಪುಣ್ಯಪುರುಷನೆಂದು ಪ್ರಭು ಎಲ್ಲಿಯೂ ಹೇಳುವುದಿಲ್ಲ, ಅವನದು ವ್ಯಾಪಾರ. ಗಾಯಗೊಂಡವನನ್ನು ಅವನ ವಶಕ್ಕೆ ಒಪ್ಪಿಸಿದ ಸಮಾರಿಯದವನು ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂದಿರುಗಿ ಬರುವಾಗ ತೀರಿಸುವುದಾಗಿ ಮಾತು ಕೊಡುತ್ತಾನೆ. ಹೀಗೆ ಒಬ್ಬನ ಕರುಣೆ, ಇನ್ನೊಬ್ಬನ ವ್ಯವಹಾರ, ಇವೆರಡನ್ನೂ ಜೋಡಿಸುವ ಮುಂದಿನ ಪಾವತಿಯ ವಾಗ್ದಾನ, ಈ ಮೂರೂ ಸೇರಿದಾಗಲೇ ದಾರಿಯಲ್ಲಿ ಬಿದ್ದವನು ಬದುಕುತ್ತಾನೆ.

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಿಂದ ಕೂಡಿದ ಸೀಮೆಯಲ್ಲಿ ನೆಲೆ ಕಳೆದುಕೊಂಡವರನ್ನು ಸಮಾಜ, ವರ್ತಕವರ್ಗ, ಪ್ರಭುತ್ವ ಮತ್ತು ಧರ್ಮಸಭೆ ಬೇರೆ ಬೇರೆ ಕಾಲಗಳಲ್ಲಿ ಹೇಗೆ ಕಂಡುಕೊಂಡವು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಒಂದು ರಾತ್ರಿ ತಂಗಲು ಜಾಗವಿಲ್ಲದ ಪ್ರಯಾಣಿಕನ ಪ್ರಶ್ನೆ ಬೇರೆ. ವರ್ಷಗಟ್ಟಲೆ ಬಸ್ ನಿಲ್ದಾಣ, ಅಂಗಡಿ ಮುಂಗಟ್ಟು, ದೇವಸ್ಥಾನದ ಪೌಳಿಗಳಲ್ಲಿ ಮಲಗುವವನ ಪ್ರಶ್ನೆ ಬೇರೆ. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ಮನೆಯಿಲ್ಲದವರನ್ನು ಲೆಕ್ಕ ಹಾಕಿತು. ಮೊದಲನೆಯವನಿಗೆ ಉತ್ತರ ಕೊಡುವ ವಿಧಾನವನ್ನು ನಮ್ಮ ನಾಡು ಬಹಳ ಹಿಂದೆಯೇ ಬಲ್ಲದು. ಎರಡನೆಯವನ ಮುಂದೆ ನಾವು ಇಂದಿಗೂ ತಡವರಿಸುತ್ತಿದ್ದೇವೆ. ಈ ವ್ಯತ್ಯಾಸದ ಕಾರಣವನ್ನು ಚರಿತ್ರೆಯಲ್ಲಿ ಹುಡುಕಬೇಕಾಗಿದೆ.

ಜಗಲಿ, ಛತ್ರ ಮತ್ತು ಅಭಯದಾನ

ಈ ಸೀಮೆಯ ಹಳೆಯ ಮನೆಗಳಿಗೆ ಜಗಲಿ ಇರುತ್ತಿತ್ತು. ಬಾಗಿಲು ಮನೆಯವರದು, ಜಗಲಿ ದಾರಿಹೋಕರದು ಎಂಬುದು ಬರೆಯದ ಕಟ್ಟಳೆ. ಊರು ದೊಡ್ಡದಾದಂತೆ ಅದೇ ಜಗಲಿ ಅರವಟ್ಟಿಗೆಯಾಗಿ, ಛತ್ರವಾಗಿ, ಮುಸಾಫಿರಖಾನೆಯಾಗಿ ಬೆಳೆಯಿತು. ಹೇಮಾವತಿಯ ದಡದ ಹೊಳೆನರಸೀಪುರ, ಕಾವೇರಿಯ ದಡದಲ್ಲಿ ಅರಕಲಗೂಡು ತಾಲ್ಲೂಕಿಗೆ ಸೇರಿದ ರಾಮನಾಥಪುರದಂಥ ಯಾತ್ರಾಸ್ಥಳಗಳಲ್ಲಿ ಯಾತ್ರಿಕರಿಗೆ ತಂಗುದಾಣ ಒದಗಿಸುವುದು ಪುಣ್ಯಕಾರ್ಯವೆನಿಸಿತ್ತು. ಮೈಸೂರು ಸಂಸ್ಥಾನದಲ್ಲಿ ದೇವಾಲಯಗಳಂತೆಯೇ ಅನೇಕ ಛತ್ರಗಳೂ ಮುಜರಾಯಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದವು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಈ ಪರಂಪರೆಗೆ ತಾತ್ತ್ವಿಕ ಆಧಾರವನ್ನೇ ಕೊಟ್ಟಿದೆ. ಜೈನಧರ್ಮ ಹೇಳುವ ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವೂ ಒಂದು. ಭಯದಲ್ಲಿರುವವನಿಗೆ ರಕ್ಷಣೆ ಕೊಡುವುದೂ ದಾನವೇ ಎಂಬ ಈ ಕಲ್ಪನೆ, ಆಶ್ರಯವನ್ನು ಕೇವಲ ಸೂರಿನ ಮಟ್ಟಕ್ಕೆ ಇಳಿಸುವುದಿಲ್ಲ. ಅಲ್ಲಿನ ಶಾಸನಗಳು ವರ್ತಕರ ಪಾತ್ರವನ್ನೂ ತಿಳಿಸುತ್ತವೆ. ಹೊಯ್ಸಳ ಎರಡನೆಯ ಬಲ್ಲಾಳನ ಮಂತ್ರಿ ನಾಗದೇವ ಕಟ್ಟಿಸಿದ ನಗರ ಜಿನಾಲಯದ ಪಾಲನೆಯ ಹೊಣೆಯನ್ನು ಬೆಳಗೊಳದ ವರ್ತಕ ಸಮುದಾಯವೇ ಹೊತ್ತಿತ್ತು. ವ್ಯಾಪಾರದ ಲಾಭದ ಒಂದು ಪಾಲು ಸಮುದಾಯದ ಸಂಸ್ಥೆಗಳಿಗೆ ಸಲ್ಲಬೇಕೆಂಬುದು ಈ ನೆಲಕ್ಕೆ ಪರದೇಶದಿಂದ ಬಂದ ವಿಚಾರವಲ್ಲ.

ಆದರೂ ಛತ್ರದ ಮಿತಿಯನ್ನು ಗುರುತಿಸಬೇಕು. ಛತ್ರವಿರುವುದು ಹೊರಟು ಹೋಗುವವನಿಗಾಗಿ. ಬಂದವನಿಗೆ ಎಲ್ಲೋ ಒಂದು ಊರಿದೆ, ಮನೆಯಿದೆ, ಜಾತಿಯಿದೆ, ಬಂಧುಗಳಿದ್ದಾರೆ ಎಂಬ ಊಹೆಯ ಮೇಲೆ ಅದರ ಆತಿಥ್ಯ ನಿಂತಿದೆ. ಊರೂ ಇಲ್ಲದ, ಕರೆಯುವವರೂ ಇಲ್ಲದ ಮನುಷ್ಯ ಅದರ ಲೆಕ್ಕದಲ್ಲಿ ಬರುವುದಿಲ್ಲ. ಜಾತಿಯ ಕಾರಣದಿಂದ ಜಗಲಿಯನ್ನೂ ಏರಲಾಗದವರಿದ್ದರೆಂಬ ಸತ್ಯವನ್ನೂ ಮರೆಯುವಂತಿಲ್ಲ.

ನೆಲೆ ಕೊಟ್ಟ ಗುರು, ನೆಲೆ ಕಿತ್ತ ಬರ

ಕ್ರೈಸ್ತ ಸಮುದಾಯದ ಮಟ್ಟಿಗೆ ಈ ಸೀಮೆಯ ಕಥೆ ಆರಂಭವಾಗುವುದೇ ಚದುರಿಹೋದವರನ್ನು ಕೂಡಿಸುವ ಪ್ರಯತ್ನದಿಂದ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬುವಾ ಮೈಸೂರು ಸೀಮೆಗೆ ಬಂದರು. ಯುದ್ಧ, ಸೆರೆ ಹಾಗೂ ಬಲವಂತದ ಸ್ಥಳಾಂತರಗಳಿಂದ ಒಡೆದುಹೋಗಿದ್ದ ಕ್ರೈಸ್ತ ಕುಟುಂಬಗಳಿಗೆ ಪ್ರವಚನದಷ್ಟೇ ಜಮೀನೂ ಅಗತ್ಯವೆಂದು ಅವರು ಮನಗಂಡರು. ಅವರು ಕೃಷಿ ನೆಲೆಗಳನ್ನು ಸ್ಥಾಪಿಸಿದರು, ಸಿಡುಬಿನ ಲಸಿಕೆಯನ್ನು ಪ್ರಚಾರಕ್ಕೆ ತಂದರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕ್ರೈಸ್ತರು ಮಾತ್ರವಲ್ಲದೆ ಇತರರೂ ಗೌರವದಿಂದ ನೆನೆಯುತ್ತಿದ್ದ ಸಂಗತಿ ಹಳೆಯ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಹಿಂದೂ ಆಚಾರಗಳ ಬಗೆಗೆ ಅವರು ಬರೆದ ಗ್ರಂಥದ ತೀರ್ಪುಗಳನ್ನು ನಾವು ಇಂದು ಒಪ್ಪಬೇಕಾಗಿಲ್ಲ. ಆದರೆ ಸೂರು, ನೆಲ ಮತ್ತು ದುಡಿಮೆ ಒಟ್ಟಿಗೆ ದೊರೆತಾಗ ಮಾತ್ರ ಮನುಷ್ಯ ನೆಲೆ ನಿಲ್ಲುತ್ತಾನೆಂಬ ಅವರ ಗ್ರಹಿಕೆಯನ್ನು ಅಲ್ಲಗಳೆಯಲಾಗದು.

ಆ ಗ್ರಹಿಕೆಯನ್ನು ಕಠೋರವಾಗಿ ಪರೀಕ್ಷಿಸಿದ್ದು 1876-78ರ ಮಹಾಕ್ಷಾಮ. ನಮ್ಮ ಜನ ಅದನ್ನು ಸಂವತ್ಸರಗಳ ಹೆಸರಿನಲ್ಲಿ ‘ಧಾತು-ಈಶ್ವರದ ಬರ’ ಎಂದು ಕರೆದರು. 1871ರಲ್ಲಿ 50.55 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 41.86 ಲಕ್ಷಕ್ಕೆ ಕುಸಿದಿತ್ತು. ಬರವೆಂದರೆ ಅನ್ನದ ಅಭಾವ ಮಾತ್ರವಲ್ಲ. ಹಸಿದ ಕುಟುಂಬ ಮೊದಲು ಪಾತ್ರೆ ಮಾರುತ್ತದೆ, ಬಳಿಕ ಎತ್ತು ಮಾರುತ್ತದೆ. ಸೂರಿನ ಹುಲ್ಲನ್ನು ದನಕ್ಕೆ ಹಾಕುತ್ತದೆ. ಕೊನೆಗೆ ತೊಲೆ ಬಾಗಿಲುಗಳನ್ನು ಕಿತ್ತು ಮಾರಿ ಊರು ಬಿಡುತ್ತದೆ. ಗಂಜಿಕೇಂದ್ರ ತಲುಪುವಷ್ಟರಲ್ಲಿ ಅದಕ್ಕೆ ಮರಳಲು ಮನೆ ಉಳಿದಿರುವುದಿಲ್ಲ. ಮಳೆ ಬಂದರೂ ಬರ ಮುಗಿಯದಿರುವುದು ಈ ಕಾರಣಕ್ಕೆ.

ಆಗ ಪ್ರಭುತ್ವ ಅನುಸರಿಸಿದ ನೀತಿ ಎರಡು ಭಯಗಳ ನಡುವೆ ತೂಗಾಡಿತು. ಜನ ಸತ್ತಾರೆಂಬುದು ಒಂದು ಭಯ, ಸೋಮಾರಿಗಳು ಪುಕ್ಕಟೆ ಉಂಡಾರೆಂಬುದು ಇನ್ನೊಂದು. ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಗಳ ಕೂಲಿಯನ್ನು ಇಳಿಸುವಂತೆ ಸೂಚಿಸಿದ್ದು ಎರಡನೆಯ ಭಯದ ಫಲ. ಅದೇ ವರ್ಷ ಮೈಸೂರಿಗೆ ಕ್ಷಾಮ ಕಮಿಷನರರಾಗಿ ಚಾರ್ಲ್ಸ್ ಎಲಿಯಟ್ ನೇಮಕಗೊಂಡ ಮೇಲೆ ಜನರನ್ನು ಗಂಜಿಕೇಂದ್ರಗಳಿಂದ ದೊಡ್ಡ ಕಾಮಗಾರಿಗಳಿಗೆ ಸಾಗಿಸುವ ಕ್ರಮ ಬಲಗೊಂಡಿತು. ಬೆಂಗಳೂರು-ಮೈಸೂರು ರೈಲುಮಾರ್ಗ ಅಂಥ ಕಾಮಗಾರಿಗಳಲ್ಲೊಂದು.

ಈ ಲೇಖನದ ದೃಷ್ಟಿಯಿಂದ ಹೆಚ್ಚು ಮುಖ್ಯವಾದುದು ಸರ್ಕಾರದ ಹೊರಗೆ ನಡೆದ ಪ್ರಯತ್ನ. 1877ರ ಆಗಸ್ಟ್ 4ರಂದು ಮದರಾಸಿನಲ್ಲಿ ಸೇರಿದ ಸಾರ್ವಜನಿಕ ಸಭೆ ಇಂಗ್ಲೆಂಡಿನ ನಗರಗಳಿಗೆ ಸಹಾಯ ಕೋರಿ ತಂತಿ ಕಳುಹಿಸಿತು. ಲಂಡನ್ನಿನ ಮೇಯರರ ಮ್ಯಾನ್ಷನ್ ಹೌಸ್ ನಿಧಿಗೆ ವರ್ತಕರಿಂದಲೂ ಕಾರ್ಖಾನೆ ಊರುಗಳ ಸಾಮಾನ್ಯರಿಂದಲೂ ಲಕ್ಷಾಂತರ ಪೌಂಡು ಹರಿದುಬಂತು. ಖಾಸಗಿ ನಿಧಿ ಸರ್ಕಾರದ ಕೆಲಸಕ್ಕೆ ಅಡ್ಡಬರಬಹುದೆಂದು ವೈಸರಾಯ್ ಲಿಟನ್ ಮೊದಲು ಶಂಕಿಸಿದ್ದರು. ಕೊನೆಗೆ ಕಾರ್ಯವಿಭಜನೆಯೊಂದು ಸ್ಪಷ್ಟವಾಯಿತು. ಜೀವ ಉಳಿಸುವ ಹೊಣೆ ಸರ್ಕಾರದ್ದು. ಬದುಕನ್ನು ಮರಳಿ ಕಟ್ಟುವ ಹೊಣೆ ನಿಧಿಯದು. ಅನಾಥ ಮಕ್ಕಳ ಪೋಷಣೆ, ಬಟ್ಟೆ, ಬಿತ್ತನೆ ಬೀಜ, ಉಳುವ ಎತ್ತು ಹಾಗೂ ಕಿತ್ತುಹೋದ ಮನೆಗಳ ಸೂರು, ಇವುಗಳಿಗೆ ಆ ಹಣದ ಗಣನೀಯ ಭಾಗ ವೆಚ್ಚವಾಯಿತು. ಕ್ಷಾಮಕ್ಕೆ ಸಾಮ್ರಾಜ್ಯದ ನೀತಿಗಳು ಎಷ್ಟರಮಟ್ಟಿಗೆ ಕಾರಣವೆಂಬ ಪ್ರಶ್ನೆ ಉಳಿದೇ ಇದೆ. ಆ ಸಾಮ್ರಾಜ್ಯದ ನಗರಗಳಿಂದಲೇ ಬಂದ ದೇಣಿಗೆ ಆ ಪ್ರಶ್ನೆಯನ್ನು ಅಳಿಸಿಹಾಕುವುದಿಲ್ಲ. ಆದರೂ ರೈತನ ಕೈಗೆ ಸೂರಿನ ಹಣ ಕೊಟ್ಟು ಅವನ ಊರಿಗೇ ಅವನನ್ನು ಕಳುಹಿಸಬೇಕೆಂಬ ನಿರ್ಧಾರ ಆ ಕಾಲಕ್ಕೆ ಸಣ್ಣದಾಗಿರಲಿಲ್ಲ.

ಮಿಷನ್‌ಗಳೂ ಇದೇ ಹೊತ್ತಿನಲ್ಲಿ ಮುಂದೆ ಬಂದವು. ವೆಸ್ಲಿಯನ್ ಮಿಷನ್ ತುಮಕೂರು ಮತ್ತು ಹಾಸನಗಳಲ್ಲಿ ಕ್ಷಾಮದ ಅನಾಥರಿಗೆ ಆಲಯಗಳನ್ನು ತೆರೆಯಿತು. ಕಥೋಲಿಕ ಮಿಷನ್ ಅನಾಥರನ್ನು ಸಾಕಿ, ಜಮೀನು ಕೊಂಡು ಹಳ್ಳಿಗಳನ್ನೇ ಕಟ್ಟಿಸಿತು. ಈ ಸೇವೆಯ ನೆರಳನ್ನೂ ನಾವು ಪ್ರಾಮಾಣಿಕವಾಗಿ ನೋಡಬೇಕು. ಬೇರೆ ದಾರಿಯಿಲ್ಲದ ಮಗುವಿಗೆ ಅನ್ನದೊಡನೆ ದೀಕ್ಷಾಸ್ನಾನವನ್ನೂ ಕೊಟ್ಟಾಗ, ಆ ಮಗುವಿನ ಸ್ವಾತಂತ್ರ್ಯ ಎಷ್ಟಿತ್ತೆಂಬ ಪ್ರಶ್ನೆಗೆ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ದೈವಶಾಸ್ತ್ರ ಸುಲಭದ ಉತ್ತರ ಕೊಡಲಾರದು. ಅನ್ನ ಕೊಟ್ಟವರ ಪ್ರೀತಿ ನಿಜ. ಈ ಪ್ರಶ್ನೆಯೂ ನಿಜ.

ಇಲ್ಲಿ ಪ್ರಾಚೀನ ಧರ್ಮಸಭೆಯ ಒಂದು ಸಾದೃಶ್ಯ ನೆನಪಾಗುತ್ತದೆ. 369ರ ಸುಮಾರಿಗೆ ಕಪ್ಪದೋಕ್ಯದಲ್ಲಿ ಬರ ಬಂದಾಗ ಸಂತ ಬೆಸಿಲರು ಉಗ್ರಾಣ ತುಂಬಿಕೊಂಡಿದ್ದ ವರ್ತಕರನ್ನು ಎಚ್ಚರಿಸಿ ಅವುಗಳ ಬಾಗಿಲು ತೆರೆಸಿದರು. ಬಳಿಕ ಸಿಸೇರಿಯ ಪಟ್ಟಣದ ಹೊರಗೆ ಬಡವರು, ರೋಗಿಗಳು, ಪರದೇಶಿಗಳಿಗಾಗಿ ಅವರು ಕಟ್ಟಿಸಿದ ವಸತಿಸಮುಚ್ಚಯ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅಲ್ಲಿ ವೈದ್ಯರಿದ್ದರು, ಕಸುಬು ಕಲಿಸುವ ಶಾಲೆಗಳಿದ್ದವು. ಬರದ ಕಾಲದ ಗಂಜಿಯಿಂದ ಬರ ಮುಗಿದ ಮೇಲಿನ ನೆಲೆಯವರೆಗೆ ಅವರ ದೃಷ್ಟಿ ಚಾಚಿತ್ತು.

ಹೇಮಾವತಿಯ ನೀರು

ನೆಲೆ ಕೊಡುವ ಪ್ರಭುತ್ವವೇ ನೆಲೆ ತೆಗೆಯಲೂಬಲ್ಲದು. ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ, ಪೂರ್ಣ ಮಟ್ಟ 2,922 ಅಡಿ. ಅದರ ನಾಲೆಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳಿಗೂ ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನವರೆಗೂ ನೀರು ಒಯ್ದವು. ಒಣಭೂಮಿ ಹಸಿರಾಯಿತು; ಪಟ್ಟಣಗಳ ವ್ಯಾಪಾರ ಬೆಳೆಯಿತು. ಇದು ಸಣ್ಣ ಲಾಭವಲ್ಲ.

ಮೇಲ್ಭಾಗದಲ್ಲಿ ಹಿನ್ನೀರು ಹಳ್ಳಿಗಳನ್ನು ನುಂಗಿತು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ಅದರ ಛಾಯಾಚಿತ್ರ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ಅಲ್ಲಿ ದೀಕ್ಷಾಸ್ನಾನ ಪಡೆದವರು, ಅಲ್ಲಿನ ಸಮಾಧಿಭೂಮಿಯಲ್ಲಿ ಹಿರಿಯರನ್ನು ಮಣ್ಣು ಮಾಡಿದವರು ಎಲ್ಲಿಗೆ ಹೋದರೆಂದು ಕೇಳುವವರು ವಿರಳ. ಚದುರಿದವರನ್ನು ಕೂಡಿಸಿ ಬೆಳೆದ ಮಿಷನ್ ಕ್ಷೇತ್ರದ ಜನರೇ ಒಂದೂವರೆ ಶತಮಾನದ ನಂತರ ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಅವರೊಡನೆ ಎಲ್ಲ ಮತ ಜಾತಿಗಳ ರೈತರೂ ಕೂಲಿಗಳೂ ಇದ್ದರು. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ಆರಂಭಿಕ ದಶಕಗಳಲ್ಲೇ ಈ ಸ್ಥಳಾಂತರ ನಡೆಯಿತೆಂಬುದನ್ನು ನಮ್ಮ ಚರಿತ್ರೆಕಾರರು ಮರೆಯಬಾರದು.

ಸಂತ್ರಸ್ತರಿಗೆ ಬದಲಿ ಜಮೀನು ಕೊಡುವ ವ್ಯವಸ್ಥೆಯಾಯಿತು. ಆದರೆ ಆ ಮಂಜೂರಾತಿಗಳ ಸುತ್ತಲಿನ ವಿವಾದಗಳು ದಶಕಗಳ ಕಾಲ ಉಳಿದವು. ಪರಿಹಾರ ಸಿಗುವುದು ದಾಖಲೆಯಿದ್ದವನಿಗೆ. ಸ್ವಂತ ಜಮೀನಿಲ್ಲದೆ ಇನ್ನೊಬ್ಬರ ಹೊಲದಲ್ಲಿ ದುಡಿದು ಅವರ ಜಾಗದಲ್ಲೇ ಗುಡಿಸಲು ಹಾಕಿಕೊಂಡಿದ್ದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಹಳ್ಳಿ ಮುಳುಗಿದಾಗ ಅವನು ಕಳೆದುಕೊಳ್ಳುವುದು ಅವನನ್ನು ಬಲ್ಲ ನೆರೆಹೊರೆಯನ್ನು. ಅದಕ್ಕೆ ಯಾವ ಕಾನೂನಿನಲ್ಲೂ ಬೆಲೆ ಕಟ್ಟಿಲ್ಲ.

ಕಾನೂನಿನ ಕಣ್ಣಿನಲ್ಲಿ

ಇದೇ ಅವಧಿಯಲ್ಲಿ ನೆಲೆಯಿಲ್ಲದವನ ಕುರಿತ ಶಾಸನವೂ ರೂಪುಗೊಂಡಿತು. 1944ರ ಮೈಸೂರು ಭಿಕ್ಷಾಟನೆ ನಿಷೇಧ ಕಾಯಿದೆಯ ಸ್ಥಾನದಲ್ಲಿ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆ ಬಂತು. ಬೇಡುವವನನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಲು ಅದು ಅವಕಾಶ ಕೊಡುತ್ತದೆ. ಇದರ ವೆಚ್ಚಕ್ಕಾಗಿ ಸ್ಥಳೀಯ ಸಂಸ್ಥೆಗಳು ಕಟ್ಟಡ ಮತ್ತು ಭೂಮಿಯ ತೆರಿಗೆಯ ಮೇಲೆ ಶೇಕಡಾ 3ರಷ್ಟು ಉಪಕರ ವಸೂಲು ಮಾಡುತ್ತವೆ. ಹಾಸನದ ಅಂಗಡಿಯ ಮಾಲೀಕನೂ ಚನ್ನರಾಯಪಟ್ಟಣದ ಮನೆಯ ಯಜಮಾನನೂ ಬಡವರ ಹೆಸರಿನಲ್ಲಿ ಪ್ರತಿವರ್ಷ ಹಣ ಕೊಡುತ್ತಿದ್ದಾರೆ. ಆ ಸಂಗತಿ ಅವರಲ್ಲಿ ಎಷ್ಟೋ ಜನರಿಗೆ ತಿಳಿದೇ ಇಲ್ಲ. ಸಮಾರಿಯದವನ ಎರಡು ನಾಣ್ಯಗಳು ಹೀಗೆ ರಶೀದಿಯ ಒಂದು ಸಾಲಾಗಿ ಉಳಿದಿವೆ. ಗಾಯಾಳುವನ್ನು ನೋಡಲು ಹಿಂದಿರುಗಿ ಬರುವವರಿಲ್ಲ.

ಹಿಂದಿರುಗಿ ನೋಡದಿದ್ದರೆ ಏನಾಗುತ್ತದೆಂಬುದನ್ನು 2010ರ ಆಗಸ್ಟ್ ತೋರಿಸಿತು. ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕ ನಿವಾಸಿಗಳು ಮೃತಪಟ್ಟು ನಾಡು ಬೆಚ್ಚಿಬಿತ್ತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ, ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ವಸತಿಕೇಂದ್ರ ಇರಬೇಕೆಂಬ ದಿಕ್ಕಿನಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನು ಯೋಜನೆಯ ರೂಪಕ್ಕೆ ತಂದಿತು. ಅದೇ 2013ರ ಕಂಪನಿ ಕಾಯಿದೆ ದೊಡ್ಡ ಉದ್ಯಮಗಳು ಸರಾಸರಿ ಲಾಭದ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸುವಂತೆ ವಿಧಿಸಿತು. 2018ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅಲ್ಲಿನ ಭಿಕ್ಷಾಟನೆಯನ್ನು ಅಪರಾಧವೆನ್ನುವ ವಿಧಿಗಳನ್ನು ರದ್ದುಗೊಳಿಸಿತು. ಬೇಡುವವನು ಅಪರಾಧಿಯೆಂಬ ಭಾವದಿಂದ ಅವನು ಹಕ್ಕುಳ್ಳ ಪ್ರಜೆಯೆಂಬ ಭಾವದ ಕಡೆಗೆ ಕಾನೂನು ನಿಧಾನವಾಗಿ ಸಾಗುತ್ತಿದೆ.

ಎರಡನೆಯ ಪಾವತಿ

ಈ ಚರಿತ್ರೆಯಿಂದ ಮೂರು ವಿಚಾರಗಳು ಹೊರಡುತ್ತವೆ.

ಮೊದಲನೆಯದು: ಮನಸ್ಸಿದ್ದಾಗ ಈ ಸೀಮೆಗೆ ಸೂರು ಕಟ್ಟಲು ಬರುತ್ತದೆ. 2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದಲ್ಲಿ ಸರ್ಕಾರ, ಮಠ, ವರ್ತಕರು, ಸ್ವಯಂಸೇವಕರು ಸೇರಿ ಯಾತ್ರಿಕರಿಗಾಗಿ ತಾತ್ಕಾಲಿಕ ಉಪನಗರಗಳನ್ನೇ ನಿರ್ಮಿಸಿದರು. ನೀರು, ದೀಪ, ಶೌಚಾಲಯ, ವೈದ್ಯಕೀಯ ಸೇವೆ ಎಲ್ಲವೂ ಇದ್ದವು. ಅತಿಥಿಯನ್ನು ಗೌರವಿಸಬಲ್ಲ ನಾಡು ನೆಲೆಯಿಲ್ಲದವನನ್ನೂ ಗೌರವಿಸಬಲ್ಲದು.

ಎರಡನೆಯದು: ದೀರ್ಘಕಾಲ ಬೀದಿಯಲ್ಲಿದ್ದವನಿಗೆ ಹಾಸಿಗೆಯೊಂದೇ ಸಾಲದು. ಹಲವರಲ್ಲಿ ಮನೋರೋಗ, ಮದ್ಯವ್ಯಸನ, ಮುರಿದ ಕುಟುಂಬ, ಕಳೆದುಹೋದ ಗುರುತಿನ ಚೀಟಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೊದಲು ಸರಿಹೋಗು, ಆಮೇಲೆ ಮನೆ ಎನ್ನುವ ಕ್ರಮವನ್ನು ತಿರುಗಿಸಿ, ಮೊದಲು ಮನೆ, ಆಮೇಲೆ ಚಿಕಿತ್ಸೆ ಎಂಬ ಪದ್ಧತಿಯನ್ನು 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಲಾಯಿತು. ಫಿನ್ಲೆಂಡ್ 2008ರಿಂದ ಅದನ್ನು ರಾಷ್ಟ್ರನೀತಿಯಾಗಿಸಿ ದೀರ್ಘಕಾಲದ ನಿರಾಶ್ರಿತರ ಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಿದೆ. ನಮ್ಮ ನೆರೆಯ ಚೆನ್ನೈಯಲ್ಲಿ 1993ರಲ್ಲಿ ಆರಂಭವಾದ ಬನ್ಯನ್ ಸಂಸ್ಥೆ, ಬೀದಿಯಲ್ಲಿದ್ದ ಮನೋರೋಗಿ ಮಹಿಳೆಯರನ್ನು ಆಸ್ಪತ್ರೆಯಲ್ಲೇ ಉಳಿಸದೆ ಸಾಮಾನ್ಯ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಒಟ್ಟಾಗಿ ಬಾಳುವಂತೆ ಮಾಡಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಸಮುದಾಯದ ನಡುವೆ ಬದುಕುವ ಹಕ್ಕನ್ನು ಮಾನ್ಯ ಮಾಡಿದೆ. 1877ರಲ್ಲಿ ರೈತನ ಸೂರಿಗೆ ಹಣ ಕೊಟ್ಟವರು ಕಂಡ ಸತ್ಯವೂ ಇದೇ: ಶಿಬಿರದಿಂದ ಮನುಷ್ಯ ಮನೆಗೆ ಮರಳಬೇಕು. ಯಾಜಕಕಾಂಡದ 25ನೆಯ ಅಧ್ಯಾಯ ಹೇಳುವ ಜುಬಿಲಿಯ ವರ್ಷದ ತಿರುಳೂ ಪ್ರತಿಯೊಬ್ಬನೂ ತನ್ನ ಪಾಲಿನ ನೆಲಕ್ಕೆ ಹಿಂದಿರುಗುವುದೇ.

ಮೂರನೆಯದು ನಮ್ಮನ್ನು ಕುರಿತದ್ದು. ನಾನು ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದಾಗ ದೇವಾಲಯದ ಜಗಲಿಯಲ್ಲಿ ಒಬ್ಬ ಹಿರಿಯರು ಹಲವು ತಿಂಗಳಿಂದ ಮಲಗುತ್ತಿದ್ದರು. ಹಬ್ಬ ಹತ್ತಿರವಾದಾಗ ಸುಣ್ಣ ಬಳಿಯಬೇಕು, ಗಣ್ಯರು ಬರುತ್ತಾರೆ, ಅವರನ್ನು ಬೇರೆಡೆ ಹೋಗಲು ಹೇಳಬೇಕೆಂಬ ಸಲಹೆ ಬಂತು. ನಾನು ಒಪ್ಪಿದೆ. ಒಂದು ಹೊದಿಕೆ, ಸ್ವಲ್ಪ ಹಣ ಕೊಟ್ಟು ನಾನೇ ಅವರಿಗೆ ಹೇಳಿದೆ. ಅವರು ಎದುರಾಡಲಿಲ್ಲ; ‘ಆಗಲಿ ಸ್ವಾಮಿ’ ಎಂದು ಚೀಲ ಎತ್ತಿಕೊಂಡು ಹೋದರು. ಹಬ್ಬದ ಬಲಿಪೂಜೆಯಲ್ಲಿ ಮತ್ತಾಯನ 25ನೆಯ ಅಧ್ಯಾಯವನ್ನು ಆಧರಿಸಿಯೇ ನಾನು ಪ್ರಬೋಧನೆ ಮಾಡಿದೆ. ಆ ದಿನ ನನಗೆ ಏನೂ ಅನಿಸಲಿಲ್ಲವೆಂಬುದೇ ಇಂದು ನನ್ನನ್ನು ಹೆಚ್ಚು ಕಾಡುತ್ತದೆ. ಅವರು ಮತ್ತೆ ಆ ಜಗಲಿಗೆ ಬರಲಿಲ್ಲ.

ವಿಶ್ವಸಂಸ್ಥೆ ನಿರಾಶ್ರಿತರ ವಸತಿಗಾಗಿ ಮೀಸಲಿಟ್ಟ 1987ರಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗ ಪ್ರಕಟಿಸಿದ ದಸ್ತಾವೇಜಿನ ಹೆಸರು, ಮನೆಯಿಲ್ಲದ ಸಹೋದರನಿಗೆ ನೀನು ಮಾಡಿದ್ದೇನು ಎಂಬ ಪ್ರಶ್ನೆ. ವಸತಿ ದಯೆಯ ವಿಷಯವಲ್ಲ, ಹಕ್ಕಿನ ವಿಷಯವೆಂದು ಅದು ಸಾರಿತು. ಪೋಪ್ ಫ್ರಾನ್ಸಿಸ್ 2016ರಲ್ಲಿ ಸ್ಥಾಪಿಸಿದ ಬಡವರ ವಿಶ್ವದಿನ 2017ರಿಂದ ಪ್ರತಿವರ್ಷ ಆಚರಣೆಯಲ್ಲಿದೆ. ಆ ಒಂದು ಭಾನುವಾರದ ಊಟ ಒಳ್ಳೆಯದು. ಆದರೆ ಅದು ಮೊದಲ ಎರಡು ನಾಣ್ಯಗಳಷ್ಟೇ.

ಹಾಗಾದರೆ ಈ ನಾಲ್ಕು ಪಟ್ಟಣಗಳ ಧರ್ಮಕೇಂದ್ರಗಳು ಮಾಡಬಹುದಾದ್ದೇನು? ಬಸ್ ನಿಲ್ದಾಣದ ಸುತ್ತ ರಾತ್ರಿ ಮಲಗುವವರನ್ನು ಹೆಸರಿನಿಂದ ಬಲ್ಲ ಪುಟ್ಟ ಗುಂಪೊಂದು ಎಲ್ಲ ಧರ್ಮದವರಿಂದ ರೂಪುಗೊಳ್ಳಬಹುದು. ಆಧಾರ್, ಪಡಿತರ ಚೀಟಿ, ಪಿಂಚಣಿಗಳಿಗಾಗಿ ಅವರೊಡನೆ ಕಚೇರಿಗೆ ನಡೆದುಹೋಗಬಹುದು. ಕಾಫಿ, ಆಲೂಗಡ್ಡೆ, ಹೊಗೆಸೊಪ್ಪು, ಸಿದ್ಧ ಉಡುಪುಗಳ ವ್ಯವಹಾರದಲ್ಲಿರುವವರನ್ನು ಹಬ್ಬದ ದೇಣಿಗೆಗೆ ಬದಲಾಗಿ ಒಂದು ಮನೆಯ ಬಾಡಿಗೆ ಅಥವಾ ಒಬ್ಬನ ಕೆಲಸದ ಹೊಣೆ ಹೊರುವಂತೆ ಕೇಳಬಹುದು. ಉಪಕರದ ಹಣ ಹೇಗೆ ವಿನಿಯೋಗವಾಗುತ್ತಿದೆಯೆಂದು ನಗರಾಡಳಿತವನ್ನು ವಿನಯದಿಂದ, ಆದರೆ ಬಿಡದೆ, ಪ್ರಶ್ನಿಸಬಹುದು. ಇವುಗಳಲ್ಲಿ ಯಾವುದೂ ಪವಾಡವಲ್ಲ. ಎಲ್ಲವೂ ಮತ್ತೆ ಮತ್ತೆ ಹಿಂದಿರುಗಿ ಬರಬೇಕಾದ ಕೆಲಸಗಳು.

ಸಾಮತಿಯಲ್ಲಿ ಸಮಾರಿಯದವನು ಹಿಂದಿರುಗಿದನೇ ಎಂದು ಲೂಕನು ಹೇಳಿಲ್ಲ. ಛತ್ರದ ಯಜಮಾನ ಅವನ ಮಾತನ್ನು ನಂಬಿ ಗಾಯಾಳುವನ್ನು ಒಳಗೆ ಇರಿಸಿಕೊಂಡಿದ್ದಾನೆ. ಹಾಸನ ಸೀಮೆಯಲ್ಲಿ ಆ ಮಾತು ಕೊಟ್ಟವರಲ್ಲಿ ನಮ್ಮ ಧರ್ಮಸಭೆಯೂ ಸೇರಿದೆ. ಬಾಕಿ ನಮ್ಮ ಹೆಸರಿನಲ್ಲಿದೆ.